ದಿನಬಳಕೆಯ ಚಾಕುವಿಗೆ ಯಾವ ಉಕ್ಕು ಒಳ್ಳೆಯದು? ಕಪ್ಪು ಲೇಪನ ಇದ್ದರೆ ತುಕ್ಕು ಹಿಡಿಯುವುದಿಲ್ಲವೇ?

ಲೇಪನದ ವಿಷಯ ಮೊದಲು ಹೇಳಿಬಿಡುತ್ತೇನೆ. ಜಾಸ್ತಿ ಜನ ಮೋಸ ಹೋಗುವುದು ಅಲ್ಲೇ. ಕಪ್ಪು ಬಣ್ಣದ ಡಿಎಲ್‌ಸಿ (ವಜ್ರದಂಥ ಗಟ್ಟಿ ಕಾರ್ಬನ್ ಪದರ) ಇರಲಿ, ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಇರಲಿ, ಅದು ಅಲಗಿನ ಮೈಯನ್ನಷ್ಟೇ ಕಾಯುತ್ತದೆ. ಒಮ್ಮೆ ಸಾಣೆ ಹಿಡಿದರೆ ಸಾಕು, ಅಂಚಿನಲ್ಲಿ ಬರಿ ಉಕ್ಕು ಉಳಿಯುತ್ತದೆ. ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಹಾಗಾಗಿ ಉಕ್ಕು ನೋಡಿ ಕೊಳ್ಳಿ. 1095 ಎಂಬ ಕಾರ್ಬನ್ ಉಕ್ಕಿನಲ್ಲಿ ಸುಮಾರು ಶೇ. 0.95 ಕಾರ್ಬನ್ ಇರುತ್ತದೆ, ತುಕ್ಕು ತಡೆಯುವ ಕ್ರೋಮಿಯಂ ಇಲ್ಲವೆಂದೇ ಹೇಳಬಹುದು. ಬೇಗ ಹರಿತವಾಗುತ್ತದೆ. ಆದರೆ ನಿಂಬೆಹಣ್ಣು ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಹಳೆಯ ಈಳಿಗೆಮಣೆಯಲ್ಲಿ ಮಾವಿನಕಾಯಿ ಹೆಚ್ಚಿದಾಗ ನೋಡಿದ್ದೀರಿ ಅಲ್ವಾ, ಅದೇ ಗುಣ. ಡಿ2 ಉಕ್ಕಿನಲ್ಲಿ ಕ್ರೋಮಿಯಂ ಸುಮಾರು ಶೇ. 12. ಹರಿತ ಬಹಳ ದಿನ ನಿಲ್ಲುತ್ತದೆ, ಮನೆಯ ಕಲ್ಲಿನಲ್ಲಿ ಮಸೆಯುವುದು ಮಾತ್ರ ಕಷ್ಟ. ಕ್ರೋಮಿಯಂನ ಒಂದು ಪಾಲು ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಎಂಬ ಗಟ್ಟಿ ಕಣಗಳಾಗಿಬಿಡುವುದರಿಂದ ತುಕ್ಕೂ ಪೂರ್ತಿ ತಪ್ಪುವುದಿಲ್ಲ.

ಅಡುಗೆಮನೆಗೆ ನಾನು ಹೇಳುವುದು 1.4116 ಎಂಬ ಸ್ಟೇನ್‌ಲೆಸ್ ಉಕ್ಕು. ಕಾರ್ಬನ್ ಸುಮಾರು ಶೇ. 0.5, ಕ್ರೋಮಿಯಂ ಸುಮಾರು ಶೇ. 15. ಸ್ವಲ್ಪ ಮೆದು, ಆಗಾಗ ಮಸೆಯಬೇಕು, ಆದರೆ ಅದು ಎರಡೇ ನಿಮಿಷದ ಕೆಲಸ. ಕರಾವಳಿಯ ಉಪ್ಪುಗಾಳಿಯಲ್ಲಿ ಇರುವವರಂತೂ ಇದನ್ನೇ ಕೊಳ್ಳಿ, ಲೇಪನಕ್ಕೆಂದು ಸುಮ್ನೆ ದುಡ್ಡು ಹಾಕಬೇಡಿ.