64.5 ಮಿಲಿಮೀಟರ್ ಎಲ್ಲಾ ಕಡೆಗೂ ಒಂದೇನಾ? – ಸಂಪಾದಕರ ಉತ್ತರ

ನಿಮ್ಮ ಪತ್ರ ಓದಿದೆ ಸಾರ್. ಬೆಟ್ಟದ ಸೀಮೆಗೂ ಬಯಲುಸೀಮೆಗೂ ಭಾರಿ ಮಳೆ ಅನ್ನೋಕೆ ಒಂದೇ ಅಳತೆ ಯಾಕೆ, ಆಯಾ ಜಾಗದ ಸರಾಸರಿಗಿಂತ ಇಷ್ಟು ಪಟ್ಟು ಜಾಸ್ತಿ ಬಂದ್ರೆ ಅಲರ್ಟ್ ಅಂತ ಮಾಡಿದ್ರೆ ಮುಗೀತಲ್ಲ ಅಂತ ಕೇಳಿದೀರಿ. ಮೊದಲನೇ ಮಾತು ಪೂರ್ತಿ ಒಪ್ತೀನಿ, ಎರಡನೇದು ಒಪ್ಪಲ್ಲ.

ಭಾರತದ ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 64.5 ಮಿಮೀ ಮುಟ್ಟಿದ್ರೆ ಭಾರಿ ಮಳೆ, 115.6 ಆದ್ರೆ ಅತಿ ಭಾರಿ, 204.5 ಆದ್ರೆ ಅತ್ಯಂತ ಭಾರಿ. ದೇಶದ ಮಳೇನೆಲ್ಲ ಒಂದೇ ರೀತಿ ದಾಖಲು ಮಾಡೋಕೆ ಇದು ಬೇಕು, ಅದರ ಮೇಲೆ ನನಗೇನೂ ತಕರಾರಿಲ್ಲ. ಆದ್ರೆ 65 ಮಿಮೀ ದಿನವೆಲ್ಲ ಜಿಟಿಜಿಟಿ ಅಂತ ಬಂದ್ರೆ ಮಣ್ಣು ಕುಡಿದುಬಿಡುತ್ತೆ, ಅದೇ ಮಳೆ ಕಾಂಕ್ರೀಟ್ ಊರಲ್ಲಿ ಒಂದೇ ಗಂಟೇಲಿ ಸುರಿದ್ರೆ ಚರಂಡಿ ತಡ್ಕೊಳ್ಳಲ್ಲ, ಅಂಡರ್‌ಪಾಸ್ ತುಂಬುತ್ತೆ, ರಿಜಿಸ್ಟರಲ್ಲಿ ಮಾತ್ರ ಎರಡೂ ಒಂದೇ ಅಂಕಿ. ಹಾಂಗ್‌ಕಾಂಗಲ್ಲಿ ಅದಕ್ಕೇ ಗಂಟೆ ಲೆಕ್ಕ ಇಟ್ಟಿದಾರೆ, ಗಂಟೆಗೆ 30 ಮಿಮೀ ದಾಟಿದ್ರೆ ಆಂಬರ್, 50ಕ್ಕೆ ರೆಡ್, 70ಕ್ಕೆ ಬ್ಲ್ಯಾಕ್, ಹೀಗೆ ಎಚ್ಚರಿಕೆಗೆ ಮೂರು ಹಂತ.

ಇನ್ನು ನಿಮ್ಮ ಸರಾಸರಿ ವಿಚಾರ. ಸರಾಸರಿಗಿಂತ ಇಷ್ಟು ಪಟ್ಟು ಅನ್ನೋದು ಆ ಮಳೆ ಎಷ್ಟು ಅಪರೂಪ ಅಂತ ಹೇಳುತ್ತೆ, ಎಷ್ಟು ಹಾನಿ ಮಾಡುತ್ತೆ ಅಂತ ಹೇಳಲ್ಲ. ಒಣ ಜಾಗದಲ್ಲಿ 30 ಮಿಮೀ ಬಂದ್ರೂ ಅಪರೂಪವೇ, ರೈತರು ಖುಷಿಪಡ್ತಾರೆ, ಅದಕ್ಕೆ ರೆಡ್ ಅಲರ್ಟ್ ಕೊಟ್ರೆ ನಗ್ತಾರೆ ಅಷ್ಟೆ. ಹಳೇ ಹಾನಿಯ ದಾಖಲೆ ಏನೂ ಸಿಗದ ಕಡೆ ಬೇಕಾದ್ರೆ ನಿಮ್ಮ ಲೆಕ್ಕದಿಂದಲೇ ಶುರು ಮಾಡಬಹುದು, ಅಲ್ಲೇ ನಿಲ್ಲಬಾರದು.

ನನ್ನ ಕೇಳಿದ್ರೆ ಹಿಂದಿನಿಂದ ಬರಬೇಕು, ಅಂದ್ರೆ ಆ ಜಾಗದಲ್ಲಿ ಯಾವ ಯಾವ ದಿನ ರಸ್ತೆ ಮುಳುಗ್ತು, ಗುಡ್ಡ ಜಾರ್ತು, ಹಳ್ಳ ಉಕ್ತು ಅಂತ ಮೊದಲು ಪಟ್ಟಿ ಮಾಡಿ, ಆ ದಿನಗಳ ಗಂಟೆವಾರು ಮಳೆ, ಮತ್ತೆ ಅದಕ್ಕೂ ಮುಂಚಿನ ಕೆಲವು ದಿನದ ಮಳೆ ಎಷ್ಟಿತ್ತು ಅಂತ ತೆಗೀಬೇಕು. ಜೋರು ಮಳೆ ಬಂದೂ ಏನೂ ಆಗದ ದಿನಗಳನ್ನೂ ಸೇರಿಸ್ಬೇಕು, ಇದನ್ನ ಬಹಳ ಜನ ಮರೀತಾರೆ, ಇದಿಲ್ದಿದ್ರೆ ಸುಳ್ಳು ಅಲಾರಂ ಎಷ್ಟಾಗುತ್ತೆ ಅಂತ ಗೊತ್ತಾಗೋದೇ ಇಲ್ಲ. ಈ ಪಟ್ಟಿ ನೋಡಿ, ಎಷ್ಟು ಮಳೆಗೆ ಅಲರ್ಟ್ ಕೊಡಬೇಕು ಅನ್ನೋ ಮಿತಿ ಹಾಕ್ಬೇಕು. ಮಿತಿ ಇಳಿಸಿದ್ರೆ ಸುಳ್ಳು ಅಲಾರಂ ಜಾಸ್ತಿ, ಏರಿಸಿದ್ರೆ ನಿಜವಾದದ್ದೇ ತಪ್ಪಿಹೋಗುತ್ತೆ. ಪಂಪ್ ರೆಡಿ ಇಟ್ಕೊಳ್ಳೋರಿಗೆ ನಾಲ್ಕು ಸಲ ಸುಳ್ಳಾದ್ರೂ ನಷ್ಟ ಇಲ್ಲ, ಮನೆ ಖಾಲಿ ಮಾಡಿಸೋ ಕಡೆ ಅದು ನಡಿಯಲ್ಲ, ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಹಂತ ಇರಬೇಕು.

ಜಪಾನ್ ಇದನ್ನ ಚೆನ್ನಾಗಿ ಮಾಡಿದೆ. ಅಲ್ಲಿ ಬರೀ ಬಿದ್ದ ಮಳೆ ನೋಡಲ್ಲ, ಮಣ್ಣಲ್ಲಿ ಈಗಾಗಲೇ ಎಷ್ಟು ನೀರು ಸೇರಿದೆ ಅನ್ನೋ ಸೂಚ್ಯಂಕ ಲೆಕ್ಕ ಹಾಕ್ತಾರೆ, ಯಾಕಂದ್ರೆ ನೆನೆದು ನೆನೆದು ಭಾರವಾದ ಗುಡ್ಡ ಜಾರೋಕೆ ಆಮೇಲೆ ಸಣ್ಣ ಮಳೆನೂ ಸಾಕು. 2010ರಿಂದ ಎಚ್ಚರಿಕೆನ ಒಂದೊಂದು ಪಟ್ಟಣ, ಹಳ್ಳಿ ಆಡಳಿತದ ಮಟ್ಟದಲ್ಲೇ ಕೊಡ್ತಿದಾರೆ.

ಒಂದ್ಸಲ ಹಾಕಿದ ಮಿತಿ ಎಷ್ಟು ವರ್ಷ ಇಟ್ಕೋಬಹುದು ಅಂತಾನೂ ಕೇಳಿದ್ರಿ. ಇಷ್ಟು ವರ್ಷ ಅಂತ ಹೇಳೋಕಾಗಲ್ಲ, ನೆಲ ಬದಲಾದಾಗ ಮಿತಿನೂ ಬದಲಾಗ್ಬೇಕು. 2011ರ ದೊಡ್ಡ ಭೂಕಂಪ ಆದ್ಮೇಲೆ ಜಪಾನಲ್ಲಿ ಜೋರಾಗಿ ನಡುಗಿದ ಕಡೆಗಳಲ್ಲಿ ಮಿತಿನ ತಾತ್ಕಾಲಿಕವಾಗಿ ಇಳಿಸಿದ್ರು, ಸಡಿಲವಾದ ಮಣ್ಣು ಮೊದಲಿನಷ್ಟು ಮಳೆ ತಡ್ಕೊಳ್ಳಲ್ಲ ಅಂತ. ಕಾಡ್ಗಿಚ್ಚು ಬಿದ್ದ ಇಳಿಜಾರು, ಗುಡ್ಡ ಕಡಿದು ಮಾಡಿದ ರಸ್ತೆ, ಮುಚ್ಚಿಹೋದ ಕೆರೆ ಕಾಲುವೆ ಇದ್ದ ಕಡೆನೂ ಹೀಗೇ, ಮುಂದಿನ ಮಳೆಗಾಲಕ್ಕೆ ಮುಂಚೆನೇ ಹೊಸದಾಗಿ ಲೆಕ್ಕ ಹಾಕ್ಬೇಕು.