ಆ ಹಾಡಿನಲ್ಲಿ ಕಾಯುತ್ತಿದ್ದವರು ಯಾರು?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ದಾಂಪತ್ಯದ ಆಪ್ತಸಲಹೆಗೆ ನನ್ನ ಬಳಿ ಇಂಥ ಜೋಡಿಗಳು ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ ಆರು ವರ್ಷ. ಗಂಡನದು ಮಾತು ಕಮ್ಮಿ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ವಿರಹದ ಹಾಡು ಕೇಳುತ್ತಾ ಕೂರುತ್ತಾರೆ, ಕೆಲವೊಮ್ಮೆ ಅಳುತ್ತಾರೆ. ಹಳೆಯ ಪ್ರೀತಿ ಯಾವುದೋ ಇದೆ ಅನ್ನುವುದು ಹೆಂಡತಿಯ ಅನುಮಾನ. ಅಂಥದ್ದೇನೂ ಇರಲಿಲ್ಲ. "ಯಾರನ್ನ ನೆನೆಸ್ಕೊಂಡು ಅಳ್ತೀನೋ ನನಗೇ ಗೊತ್ತಿಲ್ಲ ಮೇಡಂ" ಅಂದರು.

ಮೂರನೇ ಭೇಟಿಯಲ್ಲಿ ಆ ಹಾಡನ್ನು ಇಲ್ಲೇ ಹಾಕಿ, ಮೂವರೂ ಕೇಳೋಣ ಎಂದೆ. ಬಾರದವರಿಗಾಗಿ ಬಾಗಿಲು ನೋಡುತ್ತಾ ಕೂತ ಹೆಣ್ಣಿನ ಹಾಡು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಆಮೇಲೆ ಆಕೆ ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ರೀ, ಇದು ನಿಮ್ಮ ಹಾಡಲ್ಲ. ನಂದು. ಕಾಯ್ತಾ ಇರೋಳು ನಾನು. ಬರದೇ ಇರೋರು ನೀವು."

"ನಾನು ಮನೇಲೇ ಇರ್ತೀನಲ್ಲ" ಅಂದರು ಅವರು. ಆಕೆ ಉತ್ತರ ಕೊಡಲಿಲ್ಲ. ತುಂಬಾ ಹೊತ್ತಾದ ಮೇಲೆ ಅವರೇ ನೆಲ ನೋಡುತ್ತಾ ಹೇಳಿದರು: "ಹಾಡು ನನ್ನನ್ನ ಏನೂ ಕೇಳಲ್ಲ ಮೇಡಂ. ಇವಳು ಕೇಳ್ತಾಳೆ."

ನಾನು ಅಂದು ಕಲಿತದ್ದು ಆ ಮಾತಿನಿಂದ. ನಾಟ್ಯಶಾಸ್ತ್ರ ಹೇಳುವ ಎಂಟು ನಾಯಿಕೆಯರನ್ನೇ, ಅಂದರೆ ಪ್ರೀತಿಯಲ್ಲಿರುವ ಹೆಣ್ಣಿನ ಎಂಟು ಸ್ಥಿತಿಗಳನ್ನೇ, ನೋಡಿ. ಪ್ರಿಯ ಪಕ್ಕದಲ್ಲಿದ್ದು ನೆಮ್ಮದಿಯಾಗಿರುವವಳು ಸ್ವಾಧೀನಭರ್ತೃಕೆ ಒಬ್ಬಳೇ. ಉಳಿದವರಿಗೆ ಕಾಯುವುದು, ಹುಡುಕಿಕೊಂಡು ಹೊರಡುವುದು, ಮುನಿಸು, ಅಗಲಿಕೆ. ಹಾಡು ಹುಟ್ಟುವುದೇ ದೂರದಲ್ಲಿ. ದೂರದಲ್ಲಿರುವವರನ್ನು ಹಂಬಲಿಸಬಹುದು, ಅವರೆದುರು ಬಾಯಿ ಬಿಡಬೇಕಾಗಿಲ್ಲ. ಮಗು ತಾಯಿಗೆ ಅಂಟಿಕೊಳ್ಳುವ ರೀತಿಗಳೇ ದೊಡ್ಡವರ ಪ್ರೀತಿಯಲ್ಲೂ ಕಾಣುತ್ತವೆ ಎಂದು ಮನಶ್ಶಾಸ್ತ್ರಜ್ಞರಾದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಬರೆದರು. ಹತ್ತಿರ ಬಂದರೆ ಹಿಂದೆ ಸರಿಯುವುದು ಅವುಗಳಲ್ಲಿ ಒಂದು. ಅಂಥವರಿಗೆ ಪ್ರೀತಿ ಇಲ್ಲ ಅಂತಲ್ಲ. ಪ್ರೀತಿ ಇರುವುದಕ್ಕೇ ಅಳು ಬರುತ್ತದೆ, ಅಲ್ವಾ?

ಹಾಡು ಬಿಡಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ನಾನು ಒಪ್ಪುವುದಿಲ್ಲ. ಆ ಮನುಷ್ಯನಿಗೆ ಅಳಲು ಇದ್ದ ಒಂದೇ ಜಾಗ ಅದು. ಅದನ್ನೂ ಕಿತ್ತುಕೊಂಡು ಏನು ಕೊಡಲಿ? ಹಾಗಾಗಿ ಹೇಳಿದೆ: ಇಯರ್‌ಫೋನ್ ತೆಗೆಯಿರಿ. ದಿನಕ್ಕೊಂದು ಹಾಡು, ಇಬ್ಬರೂ ಕೂತು ಕೇಳಿ. ಮುಗಿದ ಮೇಲೆ ನೀವು ಅಂದಿನದೇ ಒಂದು ಸಂಗತಿಯನ್ನು "ನನಗೆ" ಅಂತ ಶುರುಮಾಡಿ ಹೇಳಿ. ಆಕೆ ಹತ್ತು ನಿಮಿಷ ಏನೂ ಕೇಳಬಾರದು.

"ನಿಯಮ ನನಗ್ಯಾಕೆ?" ಎಂದು ಆಕೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಿಮ್ಮ ಪ್ರಶ್ನೆಗಳಲ್ಲಿ ತಪ್ಪಿಲ್ಲ, ಅವರ ಕಿವಿಗೆ ಸದ್ಯಕ್ಕೆ ಅವು ವಿಚಾರಣೆಯಂತೆ ಕೇಳುತ್ತಿವೆ, ಒಂದು ತಿಂಗಳು ಮಾತ್ರ ಎಂದೆ. ಆಕೆಯಿಂದ ಜಾಸ್ತಿ ನಿರೀಕ್ಷಿಸಿದೆ ಎಂಬುದು ನನಗೆ ಗೊತ್ತು.

ಎರಡನೇ ವಾರ ಅವರು ಮನೆಯಲ್ಲಿ "ನನಗೆ ಇವತ್ತು ಆಫೀಸಲ್ಲಿ ತುಂಬಾ ಅವಮಾನ ಆಯ್ತು" ಅಂದರಂತೆ. ಆಕೆ ಏನೂ ಕೇಳದೆ ಪಕ್ಕದಲ್ಲಿ ಕೂತಿದ್ದರಂತೆ. ಹತ್ತು ನಿಮಿಷ ಕಳೆದ ಮೇಲೂ ಕೇಳಲಿಲ್ಲ. ಉಳಿದದ್ದನ್ನು ಅವರೇ ಹೇಳಿದರು.