15 ವರ್ಷದಿಂದ ಇರುವ ಆಯಾಗೂ ಪೊಲೀಸ್ ವೆರಿಫಿಕೇಶನ್ ಬೇಕಾ?

ಪ್ರಶ್ನೆ: ನಾನು ಚಿಕ್ಕದೊಂದು ಖಾಸಗಿ ಶಾಲೆಯ ಮುಖ್ಯ ಶಿಕ್ಷಕಿ. ಸಿಬ್ಬಂದಿಗೆಲ್ಲ ಪೊಲೀಸ್ ವೆರಿಫಿಕೇಶನ್ ಮಾಡಿಸಲು ಹೊರಟಿದ್ದೇವೆ. 15 ವರ್ಷದಿಂದ ನಮ್ಮಲ್ಲಿರುವ ಆಯಾ, ‘ನನ್ನ ಮೇಲೇ ಅನುಮಾನಾನಾ ಮೇಡಂ?’ ಎಂದು ಅತ್ತುಬಿಟ್ಟರು. ವ್ಯಾನ್ ಡ್ರೈವರ್‌ಗಳು ಕಾಂಟ್ರಾಕ್ಟರ್ ಕಡೆಯವರು. ಅವರದ್ದೂ ನಾವೇ ಮಾಡಿಸಬೇಕಾ?
– ದಾವಣಗೆರೆಯ ಓದುಗರು

ಉತ್ತರ: ಇಬ್ಬರದ್ದೂ ಆಗಬೇಕು ಮೇಡಂ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಪಾಠ ಮಾಡುವವರಿರಲಿ, ಬೇರೆ ಕೆಲಸದವರಿರಲಿ, ಕಾಯಂ ಇರಲಿ, ಗುತ್ತಿಗೆ ಇರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲರ ಹಿನ್ನೆಲೆಯನ್ನೂ ಸಂಸ್ಥೆ ಪರಿಶೀಲಿಸಬೇಕು. ಅದೂ ಒಂದೇ ಸಲ ಅಲ್ಲ, ಆಗಾಗ. ಹಾಗಾಗಿ ‘ಕಾಂಟ್ರಾಕ್ಟರ್ ಮಾಡಿಸಿದ್ದಾರಂತೆ’ ಅನ್ನುವ ಮಾತು ಸಾಲದು. ಪೊಲೀಸರು ಕೊಡುವ ವೆರಿಫಿಕೇಶನ್ ಪತ್ರದ ಪ್ರತಿ ನಿಮ್ಮ ಫೈಲಿನಲ್ಲಿರಲಿ.

ಡ್ರೈವರ್ ವಿಷಯದಲ್ಲಿ ಎಡವುವುದು ಇನ್ನೊಂದು ಕಡೆ. ಕಾಯಂ ಡ್ರೈವರ್ ರಜೆ ಹಾಕಿದ ದಿನ ಕಾಂಟ್ರಾಕ್ಟರ್ ಯಾರನ್ನೋ ಕಳಿಸುತ್ತಾರೆ. ಅವತ್ತು ಮಕ್ಕಳನ್ನು ಮನೆಗೆ ಬಿಡುವವರು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬದಲಿಗೆ ಬರುವ ಇಬ್ಬರ ಹೆಸರನ್ನು ಮೊದಲೇ ಕೇಳಿ, ಅವರ ಪತ್ರವನ್ನೂ ತರಿಸಿಕೊಳ್ಳಿ.

ಇನ್ನು ಆಯಾ. ಅವರ ನೋವು ನಿಜವಾದದ್ದು, ಸುಮ್ನೆ ತಳ್ಳಿಹಾಕಬೇಡಿ. ಮೊದಲ ಅರ್ಜಿ ನಿಮ್ಮದೇ ಆಗಲಿ, ಎರಡನೆಯದು ಆಡಳಿತ ಮಂಡಳಿಯವರದ್ದು. ಆಮೇಲೆ ಆಯಾ ಪಕ್ಕ ಕುಳಿತು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನೀವೇ ಅರ್ಜಿ ತುಂಬಿಕೊಡಿ. ಶುಲ್ಕ ಶಾಲೆಯೇ ಕಟ್ಟಲಿ, ಠಾಣೆಗೆ ಹೋಗಬೇಕಾಗಿ ಬಂದರೆ ಜೊತೆಗೆ ಒಬ್ಬರನ್ನು ಕಳಿಸಿ. ಎಲ್ಲರಿಗೂ ಒಂದೇ ನಿಯಮ ಅಂತ ಕಣ್ಣಾರೆ ಕಂಡರೆ ಅವಮಾನ ಅನ್ನಿಸುವುದಿಲ್ಲ, ಅಲ್ವಾ?

ಆದರೆ ಈ ಪತ್ರದ ಮೇಲೆ ಜಾಸ್ತಿ ಭಾರ ಹಾಕಬೇಡಿ. ಆ ದಿನದವರೆಗೆ ಪೊಲೀಸ್ ದಾಖಲೆಯಲ್ಲಿ ಏನು ಸಿಕ್ಕಿತು ಅನ್ನುವುದಷ್ಟೇ ಅದರಲ್ಲಿರುತ್ತದೆ. ಮಕ್ಕಳ ಮೇಲಿನ ಎಷ್ಟೋ ದೌರ್ಜನ್ಯಗಳು ಠಾಣೆಯ ತನಕ ಹೋಗುವುದೇ ಇಲ್ಲ. ಮಾನಕ್ಕೆ ಅಂಜಿ ಶಾಲೆಯವರು ಆ ವ್ಯಕ್ತಿಯಿಂದ ರಾಜೀನಾಮೆ ಬರೆಸಿಕೊಂಡು ಕಳಿಸಿಬಿಟ್ಟರೆ, ಅವರ ಪತ್ರ ಎಲ್ಲಿ ಕೇಳಿದರೂ ಶುದ್ಧವಾಗಿಯೇ ಬರುತ್ತದೆ. ಅದಕ್ಕೇ ಹೊಸಬರನ್ನು ತೆಗೆದುಕೊಳ್ಳುವಾಗ ಹಿಂದಿನ ಶಾಲೆಗೆ ಫೋನ್ ಮಾಡಿ. ‘ಇವರನ್ನು ಮತ್ತೆ ಕೆಲಸಕ್ಕೆ ಕರೆಯುತ್ತೀರಾ?’ ಎಂದು ನೇರವಾಗಿ ಕೇಳಿ. ಆ ಕಡೆಯವರು ತಡವರಿಸಿದರೆ ಬಿಡಬೇಡಿ, ಕಾರಣ ಕೇಳಿ.

ನಿಮ್ಮ ಶಾಲೆಯಲ್ಲೇ ಅಂಥ ದೂರು ಬಂದರೆ ಒಳಗೊಳಗೇ ವಿಚಾರಣೆ ಮಾಡಿ ಮುಗಿಸುವಂತಿಲ್ಲ. ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮಕ್ಕಳ ಸಹಾಯವಾಣಿ 1098 ಅನ್ನು ಆಯಾ, ಡ್ರೈವರ್ ಎಲ್ಲರ ಫೋನಿನಲ್ಲೂ ಹಾಕಿಸಿ. ಮಗು ಮೊದಲು ಬಾಯಿ ಬಿಡುವುದು ಎಷ್ಟೋ ಸಲ ನಿಮ್ಮ ಆಯಾನಂಥವರ ಹತ್ತಿರವೇ.